ಎಂಟು ಕಾಣದ ಕ್ಯಾಲ್ಕುಲೇಟರ್

ನಾನು ಕಾರ್ಕ್ ಎಂಬ ಐರಿಷ್ ಬಂದರು ನಗರದ ಪಕ್ಕದ ರಿಂಗಾಸ್ಕಿಡಿಯ ಒಂದು ಔಷಧ ಕಾರ್ಖಾನೆಯಲ್ಲಿ ಇಂಜಿನಿಯರ್. ಅಲ್ಲಿನ ತೂಕದ ಯಂತ್ರಗಳ, ಶಾಖ ಅಳೆಯುವ ಉಪಕರಣಗಳ ಪರದೆಯ ಮೇಲೆ ಮೂಡುವ ಅಂಕಿ ಸರಿಯಾದ ಅಂಕಿಯೇ ಎಂದು ಪರೀಕ್ಷಿಸಿ ಸಹಿ ಹಾಕುವುದು ನನ್ನ ಕಸುಬು. ಅಂಕಿ ತಪ್ಪಿದ್ದರೆ ಅದನ್ನು ಸರಿಪಡಿಸುವುದು ನನ್ನ ಕಸುಬಲ್ಲ. ತಪ್ಪಿದೆ ಎಂದು ಬರೆದು, ಯಂತ್ರಕ್ಕೊಂದು ಹಳದಿ ಚೀಟಿ ಅಂಟಿಸಿ, ಹಿಂದೆ ಸರಿದು ನಿಂತುಕೊಳ್ಳಬೇಕು, ಅಷ್ಟೇ. ಕೈ ಹಾಕಿದರೆ ನನ್ನ ಮೇಲೆಯೇ ಇನ್ನೊಂದು ಚೀಟಿ ಬೀಳುತ್ತದೆ. ಹೀಗೆ ಒಂದು ಸ್ಕ್ರೂ ಕೂಡ ಬಿಚ್ಚದೆ ಇಷ್ಟು ವರ್ಷ ಇಂಜಿನಿಯರ್ ಎಂದು ಗೌರವವಾಗಿ ಬದುಕಿಕೊಂಡು ಬಂದಿದ್ದೆ.

ಈ ಸೂಕ್ಷ್ಮ ನನ್ನ ಗಂಡನಿಗೆ ಚೆನ್ನಾಗಿ ಗೊತ್ತು. ಅವನು ಕಾರ್ಕ್‌ನ ಒಂದು ಕಂಪನಿಗೆ ಮನೆಯಿಂದಲೇ ಸಾಫ್ಟ್‌ವೇರ್ ಬರೆಯುವವನು. ಆದರೂ ಒಂದು ಶನಿವಾರ ಬೆಳಿಗ್ಗೆ ಪಕ್ಕದ ಮನೆಯ ಟೀಚರ್ ಬಿಸ್ಕತ್ತಿನ ಡಬ್ಬಿಯೊಂದನ್ನು ಎದೆಗೊತ್ತಿಕೊಂಡು ಬಾಗಿಲಿಗೆ ಬಂದು, "ನಿಮ್ಮಿಬ್ಬರಲ್ಲಿ ಯಂತ್ರಗಳ ವಿಷಯ ಯಾರಿಗೆ ಗೊತ್ತು?" ಎಂದು ಕೇಳಿದಾಗ, ಒಂದು ಕ್ಷಣವೂ ತಡಮಾಡದೆ ನನ್ನ ಕಡೆ ಕೈ ತೋರಿಸಿದ.

ಟೀಚರ್ ಎಂದರೆ ಎಂಬತ್ತರ ಆಸುಪಾಸಿನ, ನೆಟ್ಟಗೆ ನಡೆಯುವ ಹೆಂಗಸು. ಯಾವುದೋ ಕಾಲದಲ್ಲಿ ಸನ್ಯಾಸಿನಿಯರ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಕ್ಯಾರಿಗಲೈನ್‌ನ ನಮ್ಮ ಬೀದಿಯಲ್ಲಿ ಯಾರ ಕಸದ ತೊಟ್ಟಿ ಯಾವ ದಿನ ಹೊರಗಿರಬೇಕು, ಯಾರದು ಇಲ್ಲ ಎಂಬುದೆಲ್ಲ ಅವರ ಗಮನದಲ್ಲೇ ಇರುತ್ತದೆ. ಅವರು ಮಾತಾಡುವುದು ಕಾರ್ಕ್ ಇಂಗ್ಲಿಷ್. ನನ್ನ ನೆನಪಿನಲ್ಲಿ ಅದೆಲ್ಲ ಯಾವಾಗಲೋ ಕನ್ನಡವಾಗಿಬಿಟ್ಟಿದೆ. 'ಗ್ರ್ಯಾಂಡ್' ಎಂಬ ಒಂದು ಪದ ಮಾತ್ರ ಕನ್ನಡಕ್ಕೆ ಬರಲು ಒಪ್ಪುವುದಿಲ್ಲ. ಚೆನ್ನಾಗಿದೆ, ಪರವಾಗಿಲ್ಲ, ಸಾಕು, ಬೇಡ, ಆ ವಿಷಯ ಬಿಡು, ಈ ಎಲ್ಲ ಅರ್ಥವೂ ಅದಕ್ಕೆ ಇದೆ. ಯಾವುದು ಎಂದು ಹೇಳುವವರ ಮುಖ ನೋಡಿ ತಿಳಿದುಕೊಳ್ಳಬೇಕು.

ಡಬ್ಬಿಯೊಳಗೆ ಪಾತ್ರೆ ಒರೆಸುವ ಟೀ ಟವೆಲ್‌ನಲ್ಲಿ ಸುತ್ತಿಟ್ಟ ಒಂದು ಹಳೆಯ ಪಾಕೆಟ್ ಕ್ಯಾಲ್ಕುಲೇಟರ್ ಇತ್ತು. ಪಾಕೆಟ್ ಎಂದರೆ ಆ ಕಾಲದ ಪಾಕೆಟ್. ಈಗಿನ ಯಾವ ಜೇಬಿಗೂ ಅದು ಹಿಡಿಸುವುದಿಲ್ಲ. ಕೆನೆಬಣ್ಣದ ಮೈ, ಮಂಕಾದ ಕಪ್ಪು ಗುಂಡಿಗಳು, ಮೇಲೆ ಕಪ್ಪು ಗಾಜಿನ ಕಿಟಕಿ. ಅಟ್ಟಕ್ಕೆ ಚಳಿ ತಡೆಯುವ ಹಾಸು ಹಾಕಿಸಲು ಆಳುಗಳು ಬಂದಿದ್ದರಂತೆ. ಮೂಲೆಯ ಪೆಟ್ಟಿಗೆಗಳನ್ನು ಇಳಿಸುವಾಗ ಇದು ಸಿಕ್ಕಿತಂತೆ.

"ಹೊಸ ಬ್ಯಾಟರಿ ಹಾಕಿದ್ದೇನೆ. ಹೊತ್ತಿಕೊಳ್ಳುತ್ತದೆ. ಆದರೆ ನೋಡು," ಎಂದು ಅವರು ಎಂಟನ್ನು ಒತ್ತಿದರು. ಕಿಟಕಿಯಲ್ಲಿ ದಾಳಿಂಬೆಯ ಕಾಳಿನಂಥ ಕೆಂಪು ಸೊನ್ನೆಯೊಂದು ಮೂಡಿತು.

"ಬ್ಯಾಟರಿ ಎಲ್ಲಿ ಸಿಕ್ಕಿತು?" ಎಂದು ಕೇಳಿದೆ. ಅದು ಚೌಕನೆಯ ಒಂಬತ್ತು ವೋಲ್ಟಿನದು, ಈಗ ಅಷ್ಟಾಗಿ ಯಾರೂ ಬಳಸದ್ದು.

"ಹೊಗೆ ಅಲಾರಂನಿಂದ ತೆಗೆದೆ."

ಬೆಂಕಿ ಬಿದ್ದರೆ ಕೂಗಿ ಎಬ್ಬಿಸಬೇಕಾದದ್ದು ಅದು. ಕಾರ್ಖಾನೆಯಲ್ಲಿ ಸುರಕ್ಷತೆಯ ಪಾಠ ಕೇಳಿ ಕೇಳಿ ಪಳಗಿದ ನನಗೆ ನಾಲಿಗೆ ತುರಿಸಿತು. ಅಷ್ಟರಲ್ಲಿ ಅವರು ಎರಡರಲ್ಲಿ ಮೂರು ಕಳೆದು ತೋರಿಸಿದರು. ಉತ್ತರ, ಒಂದು. ಮೈನಸ್ ಗೆರೆಯೇ ಇಲ್ಲ.

ತೊಂದರೆ ಏನೆಂದು ಹೇಳುವುದು ಸುಲಭವಿತ್ತು, ಹೇಳುವುದೇ ನನ್ನ ಕಸುಬಾದ್ದರಿಂದ ಹೇಳಿದೆ. ಇಂಥ ಯಂತ್ರದಲ್ಲಿ ಪ್ರತಿ ಅಂಕಿಯೂ ಏಳು ಪುಟ್ಟ ಗೆರೆಗಳಿಂದ ಆಗುತ್ತದೆ. ಇದರಲ್ಲಿ ನಡುವಿನ ಅಡ್ಡಗೆರೆ ಹೊತ್ತುತ್ತಿಲ್ಲ. ಹಾಗಾಗಿ ಎಂಟು ಸೊನ್ನೆಯಾಗುತ್ತದೆ, ಮೈನಸ್ ಮಾಯವಾಗುತ್ತದೆ. ಟೀಚರ್ ತಲೆಯಾಡಿಸಿದರು. "ಅದು ನನಗೂ ಕಾಣುತ್ತದೆ. ಸರಿಮಾಡಲು ಆಗುತ್ತದೋ?"

"ಆಗ್ದೆ ಏನು, ಇವಳು ಎಲೆಕ್ಟ್ರಾನಿಕ್ಸ್ ಓದಿರೋದು," ಎಂದು ನನ್ನ ಗಂಡ ಅವರಿಗೆ ಇಂಗ್ಲಿಷಿನಲ್ಲಿ ಹೇಳಿ, ಭಾರೀ ಖುಷಿಯಿಂದ ಒಳಗೆ ಹೋದ.

ಎಲೆಕ್ಟ್ರಾನಿಕ್ಸ್ ಓದಿದ್ದು ನಿಜ. ಮೈಸೂರಿನ ಕಾಲೇಜಿನಲ್ಲಿ ಬೆಸುಗೆಯ ಲ್ಯಾಬ್ ಕೂಡ ಇತ್ತು. ಅಲ್ಲಿ ನಾವು ಇಬ್ಬಿಬ್ಬರ ಜೋಡಿ. ನನ್ನ ಜೊತೆಯವಳಿಗೆ ಕೈ ಚುರುಕು, ನನಗೆ ಅಕ್ಷರ ದುಂಡಗೆ. ಅವಳು ಬೆಸುಗೆ ಹಾಕಿದಳು, ನಾನು ಇಬ್ಬರ ರೆಕಾರ್ಡನ್ನೂ ಬರೆದೆ. ಇಬ್ಬರಿಗೂ ಒಳ್ಳೆಯ ಅಂಕ ಬಂತು.

ಟೀಚರ್ ಹೋದ ಮೇಲೆ ಕ್ಯಾಲ್ಕುಲೇಟರನ್ನು ಊಟದ ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ನೋಡಿದೆ. ನೋಡುತ್ತಾ ನೋಡುತ್ತಾ ಅದರ ಸುತ್ತ ಒಂದು ಕಥೆ ಬೆಳೆಯಿತು. ಟೀಚರ್ ಮನೆಯ ಹಾಲ್‌ನಲ್ಲಿ ಟೋಪಿ ಹಾಕಿಕೊಂಡ ಗಂಡಸೊಬ್ಬರ ಫೋಟೋ ಇದೆ. ತೀರಿಕೊಂಡ ಯಜಮಾನರದ್ದು ಎಂದು ನಾನು ಬಹಳ ಹಿಂದೆಯೇ ತೀರ್ಮಾನಿಸಿದ್ದೆ. ಈ ಗುಂಡಿಗಳ ಮೇಲೆ ಓಡಾಡಿದ ಬೆರಳುಗಳು ಅವರದ್ದೇ ಇರಬೇಕು. ಅವರ ನೆನಪಿಗಾಗಿ ಈ ವಯಸ್ಸಿನಲ್ಲಿ ಹೊಗೆ ಅಲಾರಂನ ಬ್ಯಾಟರಿ ಕಿತ್ತು ದೀಪ ಹಚ್ಚಿದಂತೆ ಹಚ್ಚಿದ್ದಾರೆ. ನನ್ನ ಕಣ್ಣು ಸ್ವಲ್ಪ ಒದ್ದೆಯಾಯಿತು ಎಂದರೂ ತಪ್ಪಿಲ್ಲ. ಬೇರೆಯವರ ದುಃಖವನ್ನು ನಾವೇ ಕಲ್ಪಿಸಿಕೊಂಡರೆ ಅದರಲ್ಲಿ ಒಂದು ಹಿತವಿರುತ್ತದೆ.

ಮರುದಿನ ಭಾನುವಾರ ತಿಂಡಿ ಮುಗಿಸಿ, ಮೇಜಿನ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ ಕುಳಿತೆ. ಕಾರ್ಖಾನೆಯ ಅಭ್ಯಾಸ ಬಿಡುವುದಿಲ್ಲ. ಏನನ್ನೂ ಮುಟ್ಟುವ ಮೊದಲು ಮುಂದೆ, ಹಿಂದೆ, ಎಂಟು ಒತ್ತಿದಾಗ ಕಂಡ ಸೊನ್ನೆ, ಎಲ್ಲದರ ಫೋಟೋ ತೆಗೆದೆ. ಆಮೇಲೆ ಹಿಂಬದಿಯ ಸ್ಕ್ರೂ ಬಿಚ್ಚಿದೆ. ಮುಚ್ಚಳ ಬರಲಿಲ್ಲ. ಬೆಣ್ಣೆ ಚಾಕು ತೂರಿಸಿ ಮೀಟಿದಾಗ ಮುರಿದೇ ಹೋಯಿತೇನೋ ಎನ್ನುವ ಸದ್ದು ಮಾಡಿ ಬಿಟ್ಟುಕೊಂಡಿತು. ಮುರಿದಿರಲಿಲ್ಲ. ಒಳಗೆ ಬೆಲ್ಲದ ಬಣ್ಣದ ಹಲಗೆ, ಅದರ ಮೇಲೊಂದು ದಪ್ಪ ಕಪ್ಪು ಚಿಪ್, ತುದಿಯಲ್ಲಿ ಸಾಲಾಗಿ ಕೂತ ಪುಟ್ಟ ಪುಟ್ಟ ಉಬ್ಬುಗಾಜುಗಳು. ಒಂದೊಂದು ಉಬ್ಬುಗಾಜಿನ ಕೆಳಗೂ ಒಂದೊಂದು ಅಂಕಿ. ನಿಜವಾದ ಅಂಕಿ ರಾಗಿಕಾಳಿಗಿಂತ ಸ್ವಲ್ಪ ದೊಡ್ಡದು. ಗಾಜು ಅದನ್ನು ದೊಡ್ಡದು ಮಾಡಿ ತೋರಿಸುತ್ತದೆ.

ಚೆನ್ನಾಗಿದೆಯಲ್ಲ ಎಂದು ಹಲಗೆಯನ್ನು ಸ್ವಲ್ಪ ಎತ್ತಿದೆ. ಬ್ಯಾಟರಿಗೆ ಹೋಗುವ ಕೆಂಪು ವೈರು ಒಣಗಿದ ಶಾವಿಗೆಯಂತಾಗಿತ್ತು. ಅದು ತಟ್ ಎಂದು ಬುಡದಲ್ಲೇ ಮುರಿಯಿತು. ಗುಂಡಿ ಒತ್ತಿದೆ. ಈಗ ಎಂಟೂ ಇಲ್ಲ, ಸೊನ್ನೆಯೂ ಇಲ್ಲ. ಒಂದು ಗೆರೆ ಇಲ್ಲದ ಯಂತ್ರವನ್ನು ಯಾವ ಗೆರೆಯೂ ಇಲ್ಲದ ಯಂತ್ರ ಮಾಡಿಟ್ಟಿದ್ದೆ.

ಗಂಡ ಕಾಫಿ ಹಿಡಿದುಕೊಂಡು ಬಂದು ನೋಡಿದ. "ಆಫ್ ಮಾಡಿ ಆನ್ ಮಾಡಿದ್ಯಾ?" ಎಂದ. ಅವನ ವೃತ್ತಿಯಲ್ಲಿ ಅದು ಗಂಭೀರ ಪ್ರಶ್ನೆ. ಆಮೇಲೆ ಅವನೇ ಫೋನ್ ತೆಗೆದು ಸ್ವಲ್ಪ ಹುಡುಕಿ, "ನೋಡು, ಇದೇ ಮಾಡಲ್ ಜರ್ಮನಿಲಿ ಒಬ್ಬ ಮಾರ್ತಾ ಅವ್ನೆ. ಪಕ್ಕಾ ವರ್ಕಿಂಗ್ ಐತೆ. ತರ್ಸಿ, ಅದರ ಒಳಗಿಂದು ತೆಗ್ದು ಇದಕ್ಕೆ ಹಾಕ್ಬಿಡು. ಟೀಚರ್‌ಗೇನ್ ಗೊತ್ತಾಗುತ್ತೆ?" ಎಂದ.

"ಅವರ ಯಜಮಾನ್ರು ಮುಟ್ಟಿದ್ದು ಕಣೋ ಇದು."

"ಯಾರ್ ಹೇಳಿದ್ದು?"

"ಹೇಳ್ಬೇಕಾ? ಗೊತ್ತಾಗಲ್ವಾ?"

ಭಾವನೆಯ ವಿಷಯಕ್ಕೆ ಬಂದರೆ ಅವನು ವಾದಿಸುವುದಿಲ್ಲ, ಕಾಫಿ ಕುಡಿಯುತ್ತಾನೆ.

ಆ ವಾರವೆಲ್ಲ ಟೀಚರ್ ಕಣ್ಣಿಗೆ ಬೀಳದಂತೆ ಓಡಾಡಿದೆ. ಕಾರನ್ನು ಹಿಮ್ಮುಖವಾಗಿ ನಿಲ್ಲಿಸುವುದು ಕಲಿತೆ, ಸಲೀಸಾಗಿ ಹೊರಟುಬಿಡಬಹುದು ಎಂದು. ಆದರೆ ಕಸದ ತೊಟ್ಟಿ ಹೊರಗಿಡುವ ದಿನ ತಪ್ಪಿಸಿಕೊಳ್ಳಲು ಸಾಧ್ಯವಿರಲಿಲ್ಲ.

"ರೋಗಿ ಹೇಗಿದ್ದಾನೆ?" ಎಂದು ಬೇಲಿಯಾಚೆಯಿಂದ ಕೇಳಿದರು.

"ಗ್ರ್ಯಾಂಡ್," ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಈ ಊರಿನಲ್ಲಿ ಸಾಯುತ್ತಿರುವವರೂ ಗ್ರ್ಯಾಂಡ್ ಎಂದೇ ಹೇಳುತ್ತಾರೆ.

ಟೀಚರ್ ನನ್ನ ಮುಖವನ್ನೇ ನೋಡುತ್ತಾ ನಿಂತರು. ಎಷ್ಟು ತರಗತಿಗಳ ಎಷ್ಟು ಮಕ್ಕಳ ಸುಳ್ಳು ನೋಡಿದವರೋ. ನಾನೇ ಮಾತು ತೆಗೆದೆ. ಹಳೆಯ ವಸ್ತು, ಮೇಡಂ, ಅದು ಇದ್ದ ಹಾಗೆಯೇ ಇರುವುದರಲ್ಲೂ ಒಂದು ಚಂದ ಇದೆ. ಅದರ ಕೊರತೆಯೂ ನೆನಪಿನ ಒಂದು ಭಾಗ. ನಿಮ್ಮ ಯಜಮಾನರ ಕೈಯಲ್ಲಿ ಹೇಗಿತ್ತೋ ಹಾಗೆಯೇ ಇಟ್ಟುಕೊಂಡರೆ ಅದೇ ನಿಜವಾದ ಗೌರವ. ಹೀಗೇ ಇನ್ನೂ ಏನೇನೋ ಹೇಳಿದೆ. ಚೆನ್ನಾಗಿಯೇ ಮಾತಾಡಿದೆ ಎಂದು ಈಗಲೂ ಅನಿಸುತ್ತದೆ.

"ಯಾವ ಯಜಮಾನರು?" ಎಂದರು ಟೀಚರ್.

"ಹಾಲ್‌ನಲ್ಲಿ ಫೋಟೋ..."

"ಅದು ನನ್ನ ಅಪ್ಪ. ನಾನು ಮದುವೆಯೇ ಆಗಲಿಲ್ಲ." ಅವರು ತೊಟ್ಟಿಯ ಹಿಡಿ ಬಿಟ್ಟು ನನ್ನ ಹತ್ತಿರ ಬಂದರು. "ನೆನಪಿಗಾಗಿ ಅಂದುಕೊಂಡೆಯಾ? ಆ ದರಿದ್ರದ ನೆನಪು ಯಾರಿಗೆ ಬೇಕು. ಅದನ್ನು ವಾಪಸ್ ಕೊಡಬೇಕಾಗಿದೆ. ಒಳಗೆ ಬಾ, ನಿಂತುಕೊಂಡು ಹೇಳುವ ವಿಷಯವಲ್ಲ."

ಅವರ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಾ ಕೇಳಿದ ಕಥೆ ಹೀಗಿತ್ತು. ಟೀಚರ್‌ಗೆ ಒಬ್ಬ ಅಕ್ಕ ಇದ್ದಾರೆ, ಬಂದರಿನ ಆಚೆ ದಡದ ಕೋವ್ ಊರಿನಲ್ಲಿ. ಹರೆಯದಲ್ಲಿ ಅಕ್ಕ ಲಂಡನ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದರು. ಎಪ್ಪತ್ತರ ದಶಕದಲ್ಲಿ ಒಮ್ಮೆ ರಜೆಗೆ ಅಮ್ಮನ ಮನೆಗೆ ಬಂದಾಗ ಈ ಕ್ಯಾಲ್ಕುಲೇಟರ್ ತಂದಿದ್ದರು. ಆಗ ಈ ಸುತ್ತಮುತ್ತ ಅಂಥದ್ದು ಯಾರ ಬಳಿಯೂ ಇರಲಿಲ್ಲ. ಪಾದ್ರಿಗಳು ಕೂಡ ಬಂದು ಕೂಡಿಸಿ ಕಳೆದು ನೋಡಿ ಹೋದರಂತೆ. ಟೀಚರ್ ಮಕ್ಕಳ ಅಂಕದ ಸರಾಸರಿ ತೆಗೆಯಬೇಕೆಂದು ಕೇಳಿದರು. ಅಕ್ಕ ಅದನ್ನು ಚೀಲಕ್ಕೆ ಹಾಕಿ ಕೈಗೆ ಕೊಟ್ಟು, "ಜೋಪಾನ," ಎಂದರು. ಮನೆಗೆ ಬಂದು ಚೀಲ ತೆರೆಯುವಾಗ ಅದು ಕೈಜಾರಿ ಕಲ್ಲಿನ ನೆಲಕ್ಕೆ ಬಿತ್ತು. ಎತ್ತಿಕೊಂಡು ಎಂಟು ಒತ್ತಿದರೆ ಸೊನ್ನೆ.

"ಮುರಿದೆ ಅಂತ ಹೇಳಲು ಬಾಯಿ ಬರಲಿಲ್ಲ," ಎಂದರು ಟೀಚರ್. "ನಮ್ಮಮ್ಮನಿಗೆ ಅವಳೆಂದರೆ ಜೋಪಾನದವಳು, ನಾನೆಂದರೆ ಕೈಜಾರುವವಳು. ಹಾಗಾಗಿ ವಾಪಸ್ ಕೊಟ್ಟೆನಲ್ಲ, ನಿನ್ನ ಹಾಸಿಗೆಯ ಮೇಲೆ ಇಟ್ಟು ಬಂದೆನಲ್ಲ ಎಂದುಬಿಟ್ಟೆ. ಅವಳು ಇಲ್ಲ ಎಂದಳು. ನಾನು ಹೌದು ಎಂದೆ. ಆಮೇಲೆ ಅವಳು ಲಂಡನ್‌ಗೆ ಹೋದಳು."

"ಅಂದಿನಿಂದ ಮಾತಿಲ್ಲವೇ?"

"ಮಾತಿಲ್ಲ ಅಂತ ಯಾರು ಹೇಳಿದರು? ಕ್ರಿಸ್‌ಮಸ್‌ಗೆ ಕಾರ್ಡ್ ಕಳಿಸುತ್ತೇವೆ. ಸಾವಿನ ಮನೆಯಲ್ಲಿ ಸಿಕ್ಕಿದರೆ ಕೈ ಕುಲುಕುತ್ತೇವೆ. ಜಗಳವೇನೂ ಆಗಿಲ್ಲ." ಅವರು ಚಹಾದ ಬಟ್ಟಲನ್ನು ತಟ್ಟೆಯ ಸರಿಯಾದ ನಡುವಿಗೆ ಸರಿಸಿದರು. "ಅವಳಿಗೂ ವಯಸ್ಸಾಯಿತು. ವಾಪಸ್ ಕೊಡಬೇಕು. ಆದರೆ ಮುರಿದದ್ದನ್ನು ಕೊಟ್ಟರೆ ಅವಳಿಗೆ ಹೇಳಲು ಎರಡು ಮಾತು ಸಿಗುತ್ತದೆ. ಒಂದನ್ನು ತಡೆದುಕೊಳ್ಳಬಲ್ಲೆ. ಎರಡನ್ನು ಆಗುವುದಿಲ್ಲ."

ನಾನು ಕಟ್ಟಿಕೊಂಡಿದ್ದ ಕಥೆಗಿಂತ ಇದು ಎಷ್ಟೋ ಪಾಲು ಚೆನ್ನಾಗಿತ್ತು. ವೈರು ಮುರಿದ ವಿಷಯವನ್ನು ಅಲ್ಲೇ ಹೇಳಿದೆ. ಅವರು ನನ್ನ ಬಟ್ಟಲಿಗೆ ಇನ್ನಷ್ಟು ಚಹಾ ಸುರಿದು, "ಹಾಗಾದರೆ ಈಗ ನಿನಗೂ ಅದರಲ್ಲಿ ಪಾಲಿದೆ," ಎಂದರು.

ಮುಂದಿನ ಶನಿವಾರ ಬೆಸುಗೆ ಕಡ್ಡಿ ಕೊಂಡೆ, ಸೂಪರ್‌ಮಾರ್ಕೆಟ್‌ನಲ್ಲಿ. ಇಲ್ಲಿಯ ಸೂಪರ್‌ಮಾರ್ಕೆಟ್‌ಗಳಲ್ಲಿ ನಡುವೆ ಒಂದು ಸಾಲು ಇರುತ್ತದೆ. ಹಾಲು ತರಲು ಹೋದವರು ಆ ಸಾಲಿನಿಂದ ಗರಗಸ, ಈಜುಡುಪು, ಕುದುರೆಯ ಕಂಬಳಿ ತೆಗೆದುಕೊಂಡು ಬರುತ್ತಾರೆ. ಎಂದೋ ಬೇಕಾಗಬಹುದು ಎಂಬ ನಂಬಿಕೆಯಿಂದ ಇಡೀ ದೇಶ ಅಲ್ಲಿ ಸಾಮಾನು ಕೊಳ್ಳುತ್ತದೆ. ನನಗೆ ನಿಜವಾಗಿಯೂ ಬೇಕಾಗಿತ್ತು ಎಂದು ಕೌಂಟರಿನ ಹುಡುಗಿಗೆ ಹೇಳಬೇಕೆನಿಸಿತು, ಹೇಳಲಿಲ್ಲ.

ಕೆಟ್ಟುಹೋದ ಒಂದು ಹಳೆಯ ಚಾರ್ಜರಿನ ಮೇಲೆ ಕೈ ಪಳಗಿಸಿಕೊಂಡೆ. ಮೊದಲ ಬೆಸುಗೆಗಳು ಇರುವೆ ಗೂಡಿನಂತೆ ಬಂದವು. ಮಗಳು ಹೊರಗಿನಿಂದ ಆಡಿ ಬಂದವಳು ಮೂಗು ಮುಚ್ಚಿಕೊಂಡು ನಿಂತಳು. ಅವಳು ಹುಟ್ಟಿದ್ದು ಇಲ್ಲೇ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಕಾರ್ಕ್ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ.

"ಹೇಗಿದೆ, ಪುಟ್ಟಿ?" ಎಂದೆ.

"ಇಟ್ಸ್ ಗ್ರ್ಯಾಂಡ್, ಅಮ್ಮ," ಎಂದು ಹೇಳಿ ಕಿಟಕಿ ತೆರೆದು ಹೋದಳು.

ಆ ಸಂಜೆ ಮುರಿದ ವೈರಿನ ಜಾಗಕ್ಕೆ ಹೊಸ ವೈರು ಹಾಕಿದೆ. ಬ್ಯಾಟರಿ ಸಿಕ್ಕಿಸಿ ಎಂಟು ಒತ್ತಿದೆ. ಕೆಂಪು ಸೊನ್ನೆ ಮೂಡಿತು. ಮೊದಲಿದ್ದಷ್ಟೇ ಕೆಟ್ಟಿದೆ, ಅದಕ್ಕಿಂತ ಹೆಚ್ಚು ಕೆಟ್ಟಿಲ್ಲ ಎಂಬ ಸಂತೋಷ ನನಗೆ ಎಷ್ಟಾಯಿತು ಎಂದರೆ ಗಂಡನನ್ನು ಕರೆದು ತೋರಿಸಿದೆ. "ಸೊನ್ನೆ ಬರ್ತಾ ಐತಲ್ಲ," ಎಂದ. "ಅದೇ!" ಎಂದೆ.

ಭಾನುವಾರ ಬೆಳಕು ಚೆನ್ನಾಗಿದ್ದಾಗ ನಡುಗೆರೆಯ ಹುಡುಕಾಟಕ್ಕೆ ಕೂತೆ. ಎಲ್ಲ ಅಂಕಿಗಳಲ್ಲೂ ಅದೊಂದೇ ಗೆರೆ ಇಲ್ಲ ಎಂದರೆ ತೊಂದರೆ ಅಂಕಿಗಳಲ್ಲಿ ಇರಲಾರದು, ಅವೆಲ್ಲಕ್ಕೂ ಆ ಗೆರೆಯನ್ನು ಒಟ್ಟಿಗೆ ಒಯ್ಯುವ ದಾರಿಯಲ್ಲಿ ಇರಬೇಕು. ಕಿಟಕಿ ತುಂಬ ಎಂಟನ್ನೇ ಒತ್ತಿಟ್ಟು, ಅಂಕಿಗಳ ಪಟ್ಟಿಯಿಂದ ಹಲಗೆಗೆ ಇಳಿಯುವ ಕಾಲುಗಳ ಸಾಲನ್ನು ಹಲ್ಲುಕಡ್ಡಿಯ ತುದಿಯಿಂದ ಒಂದೊಂದಾಗಿ ಮೆಲ್ಲಗೆ ಒತ್ತುತ್ತಾ ಹೋದೆ. ಒಂದು ಕಾಲನ್ನು ಒತ್ತಿದಾಗ ಕಿಟಕಿಯಲ್ಲಿದ್ದ ಸೊನ್ನೆಗಳೆಲ್ಲ ಒಟ್ಟಿಗೆ ಎಂಟಾದವು. ಕೈ ತೆಗೆದೆ, ಮತ್ತೆ ಸೊನ್ನೆ. ಒತ್ತಿದೆ, ಎಂಟು. ಹಲ್ಲುಕಡ್ಡಿ ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೆಯೇ ಆಡಿದೆ.

ಫೋನಿನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದೆ. ಉಳಿದ ಕಾಲುಗಳ ಬುಡದಲ್ಲೆಲ್ಲ ಹೊಳೆಯುವ ಬೆಸುಗೆಯ ಮಣಿ ಇತ್ತು. ಇದೊಂದು ಕಾಲು ಮಾತ್ರ ಬರಿಯ ತೂತಿನಲ್ಲಿ ನೆಂಟರ ಮನೆಗೆ ಬಂದವರಂತೆ ಸುಮ್ಮನೆ ನಿಂತಿತ್ತು. ಬಿದ್ದಾಗ ಬೆಸುಗೆ ಹಾರಿಹೋಗಿರಬೇಕು ಎಂದುಕೊಂಡೆ. ಕಾರಣ ಪತ್ತೆಹಚ್ಚುವ ಬಗ್ಗೆ ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಪಾಠ ಮಾಡುವವಳು ನಾನು. ಹಾರಿಹೋದ ಬೆಸುಗೆ ಒಂದು ಬಿರುಕನ್ನಾದರೂ, ಒಂದು ಉಂಗುರವನ್ನಾದರೂ ಬಿಟ್ಟು ಹೋಗಬೇಕಲ್ಲ ಎಂದು ನನಗೆ ಆಗ ಹೊಳೆಯಲೇ ಇಲ್ಲ. ಬಿದ್ದಿತ್ತು ಎಂದು ಮೊದಲೇ ಕೇಳಿದ್ದೆ, ಅದೇ ಸಾಕಾಗಿತ್ತು.

ಉಸಿರು ಬಿಗಿಹಿಡಿದು ಆ ಕಾಲಿಗೆ ಒಂದು ಹನಿ ಬೆಸುಗೆ ಇಟ್ಟೆ. ಸಾಸಿವೆ ಕಾಳಿನಷ್ಟು. ಕೆಲಸ ಅಷ್ಟೇ. ಎಂಟು ಒತ್ತಿದರೆ ಎಂಟು. ಎರಡರಲ್ಲಿ ಮೂರು ಕಳೆದರೆ ಮೈನಸ್ ಒಂದು. ಯಾರೂ ಸಹಿ ಕೇಳಲಿಲ್ಲ, ಆದರೂ ಕೈ ಪೆನ್ನಿಗಾಗಿ ತಡಕಿತು.

ಟೀಚರ್ ಅದನ್ನು ಕಿಟಕಿಯ ಬಳಿ ಒಯ್ದು ಒತ್ತಿ ನೋಡಿದರು. ಅವರಿಂದ ಒಂದು ಉದ್ಗಾರವಾದರೂ ಬರಬಹುದು ಎಂದು ಕಾದೆ. "ಹ್ಞೂಂ. ಗ್ರ್ಯಾಂಡ್," ಎಂದರು. ಆಮೇಲೆ, "ಮುಂದಿನ ಶನಿವಾರ ನಿನಗೆ ಬಿಡುವಿದೆಯೇ? ಕೋವ್‌ಗೆ ಹೋಗೋಣ. ಮೂರನೆಯವರೊಬ್ಬರಿದ್ದರೆ ಅವಳು ಮರ್ಯಾದೆಯಿಂದ ಇರುತ್ತಾಳೆ," ಎಂದರು.

ಕೋವ್‌ಗೆ ಹೋಗಲು ಚಿಕ್ಕ ಫೆರ್ರಿಗೆ ಕಾರು ಹತ್ತಿಸಿ ನೀರು ದಾಟಬೇಕು. ಬೆಲ್ಟ್ ಬಿಚ್ಚಿ ಕಿಟಕಿ ಇಳಿಸುವಷ್ಟರಲ್ಲಿ ಆಚೆ ದಡ ಬಂದುಬಿಡುತ್ತದೆ. ಟೀಚರ್ ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಕೂತಿದ್ದರು. "ಇಷ್ಟೇ ದೂರ," ಎಂದು ನಾನು ಏನೋ ಒಂದು ಹೇಳಬೇಕೆಂದು ಹೇಳಿದೆ. "ಗಾಳಿ ಇದ್ದರೆ ಫೆರ್ರಿ ಬಿಡುವುದಿಲ್ಲ," ಎಂದರು ಅವರು. ಇಷ್ಟು ವರ್ಷ ಗಾಳಿ ಇತ್ತು ಎಂಬಂತೆ.

ಅಕ್ಕನ ಮನೆ ಗುಡ್ಡದ ನೆತ್ತಿಯಲ್ಲಿತ್ತು, ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲಿನಲ್ಲಿ. ಬಾಗಿಲು ತೆರೆದವರು ಟೀಚರ್‌ಗಿಂತ ಗಿಡ್ಡ, ಅಷ್ಟೇ ನೆಟ್ಟಗೆ.

"ನೀನೋ," ಎಂದರು ಅಕ್ಕ.

"ನಾನೇ," ಎಂದರು ಟೀಚರ್.

ನನ್ನನ್ನು ಪಕ್ಕದ ಮನೆಯ ಇಂಜಿನಿಯರ್ ಎಂದು ಪರಿಚಯಿಸಿದ್ದಾಯಿತು. ಚಹಾ ಬೇಡ ಎಂದು ಟೀಚರ್ ಹೇಳಿದರು. ಅಕ್ಕ ಬಟ್ಟಲು ಇಟ್ಟರು. ಬೇಡವೇ ಬೇಡ ಎಂದರು. ಅಕ್ಕ ಹಾಲು ಸುರಿದರು. ಈ ಉಪಚಾರದ ವ್ಯಾಕರಣ ನಮ್ಮ ಮೈಸೂರಿನದ್ದೇ ಆದ್ದರಿಂದ ನಾನು ಮೊದಲ ಸಲಕ್ಕೇ ಬೇಡ ಎಂದು, ಎರಡನೆಯ ಸಲಕ್ಕೆ ಕುಡಿದೆ. ಹವಾಮಾನ, ಸೊಂಟದ ಆಪರೇಷನ್ ಆದವರು, ತೀರಿಕೊಂಡವರು, ಎಲ್ಲ ಮುಗಿದ ಮೇಲೆ ಟೀಚರ್ ಡಬ್ಬಿ ತೆರೆದು ಕ್ಯಾಲ್ಕುಲೇಟರನ್ನು ಮೇಜಿನ ಮೇಲಿಟ್ಟರು.

"ಇದು ಸಿಕ್ಕಿತು," ಎಂದರು. ತಾನೇ ನಡೆದುಕೊಂಡು ಅಟ್ಟ ಹತ್ತಿ ಕೂತಿತ್ತು ಎಂಬ ಧಾಟಿಯಲ್ಲಿ.

ಅಕ್ಕ ಕನ್ನಡಕ ಏರಿಸಿಕೊಂಡರು. ಆನ್ ಮಾಡಿ, ಹಿಂದೆ ಮುಂದೆ ತಿರುಗಿಸಿ, ಒಂದೆರಡು ಗುಂಡಿ ಒತ್ತಿದರು. ಎಂಟು ಒತ್ತಿ ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಮೇಜಿನ ಮೇಲೆ ತಂಗಿಯ ಕಡೆಗೆ ಮೆಲ್ಲಗೆ ತಳ್ಳಿದರು.

"ಇದು ನನ್ನದಲ್ಲ."

"ನಿನ್ನದಲ್ಲದೆ ಇನ್ನಾರದು?"

"ಯಾರದೋ. ನನ್ನದರಲ್ಲಿ ಎಂಟು ಬರುತ್ತಲೇ ಇರಲಿಲ್ಲ. ನಡುವಿನ ಗೆರೆ ಇರಲಿಲ್ಲ. ಅದಕ್ಕೇ ಲಂಡನ್‌ನ ಅಂಗಡಿಯವನು ಕಡಿಮೆಗೆ ಕೊಟ್ಟ. ಒಳ್ಳೆಯದನ್ನು ಕೊಳ್ಳಲು ನರ್ಸ್‌ಗಳಿಗೆ ಎಲ್ಲಿಂದ ಬರಬೇಕು?"

ಟೀಚರ್ ಚಹಾದ ಬಟ್ಟಲನ್ನು ಕುಡಿಯದೆಯೇ ತಟ್ಟೆಗೆ ಇಳಿಸಿದರು. ನನ್ನ ಕಣ್ಣ ಮುಂದೆ ಬೆಸುಗೆಯಿಲ್ಲದ ಆ ಖಾಲಿ ತೂತು ಬಂತು. ಹಾರಿಹೋಗಲು ಅಲ್ಲಿ ಬೆಸುಗೆ ಎಂದೂ ಇರಲೇ ಇಲ್ಲ. ಹುಟ್ಟುವಾಗಲೇ ಯಾರೋ ಆ ಒಂದು ಕಾಲನ್ನು ಮರೆತಿದ್ದರು. ನಾನು ಅದನ್ನು ಸರಿಮಾಡಿ, ಅದು ಅಕ್ಕನದ್ದೇ ಎಂಬುದಕ್ಕಿದ್ದ ಒಂದೇ ಗುರುತನ್ನು ಅಳಿಸಿಬಿಟ್ಟಿದ್ದೆ.

"ನೀನು ಹೇಳಲೇ ಇಲ್ಲ," ಎಂದರು ಟೀಚರ್ ಕೊನೆಗೆ.

"ಏನನ್ನು?"

"ಗೆರೆ ಇಲ್ಲ ಎಂದು."

"ಹೇಳಲು ನೀನು ಬಿಟ್ಟೆಯಾ? ಚೀಲ ಕಿತ್ತುಕೊಂಡು ಬಸ್ಸಿಗೆ ಓಡಿದೆ. ಆಮೇಲೆ ಕೊಟ್ಟೆ ಎಂದೆ. ಹಾಸಿಗೆಯ ಮೇಲೆ ಎಂದೆ." ಅಕ್ಕ ನನ್ನ ಕಡೆ ತಿರುಗಿದರು. "ನೀನು ಇಂಜಿನಿಯರ್. ಇವಳು ಎಲ್ಲಿಂದಲೋ ಬೇರೆಯದು ಕೊಂಡು ತಂದಿದ್ದಾಳೆ, ಅಲ್ಲವೇ?"

ಜರ್ಮನಿಯ ಮಾರಾಟಗಾರ ನೆನಪಾದ. ಗೆರೆಯನ್ನು ಸರಿಮಾಡಿದ್ದು ನಾನೇ ಎಂದು ಹೇಳಿ, ಫೋನ್ ತೆಗೆದು ರಿಪೇರಿಗೆ ಮೊದಲಿನ ಫೋಟೋ ತೋರಿಸಿದೆ. ಎಂಟರ ಗುಂಡಿಯ ಮೇಲೆ ಟೀಚರ್ ಮನೆಯ ಟವೆಲ್ ಎಳೆ, ಕಿಟಕಿಯಲ್ಲಿ ಸೊನ್ನೆ. ಅಕ್ಕ ಫೋನನ್ನು ಮೂಗಿನ ತನಕ ತಂದು ನೋಡಿದರು.

"ಹೌದು. ಇದು ನನ್ನದು," ಎಂದರು ಫೋಟೋ ತೋರಿಸಿ. ಮೇಜಿನ ಮೇಲಿದ್ದದ್ದನ್ನು ಇನ್ನೂ ಒಪ್ಪಲಿಲ್ಲ.

"ನಾನೇ ಬೀಳಿಸಿ ಮುರಿದೆ ಅಂದುಕೊಂಡಿದ್ದೆ," ಎಂದರು ಟೀಚರ್. ಅವರ ದನಿ ತರಗತಿಯ ದನಿಯಾಗಿರಲಿಲ್ಲ. "ಇಷ್ಟು ವರ್ಷ."

"ಬೀಳಿಸಿದ್ದೆಯಾ?"

"ಬೀಳಿಸಿದ್ದೆ."

"ನೋಡು," ಎಂದು ಅಕ್ಕ ನನಗೆ ಹೇಳಿದರು, "ಅಮ್ಮ ಸರಿಯಾಗೇ ಹೇಳುತ್ತಿದ್ದಳು."

ಅಲ್ಲಿಂದ ಮುಂದೆ ನಾನು ಆ ಕೋಣೆಯಲ್ಲಿ ಇದ್ದೇನೆ ಎಂಬುದನ್ನು ಇಬ್ಬರೂ ಮರೆತರು. ಬಸ್ಸಿಗೆ ಓಡಿದ್ದು ಯಾಕೆ, ಬಸ್ಸು ಯಾವುದು, ಅಮ್ಮನ ಮುತ್ತಿನ ಸರ ಯಾರಿಗೆ ಹೋಗಬೇಕಿತ್ತು, ಅಪ್ಪನ ಕೊನೆಯ ದಿನಗಳಲ್ಲಿ ಯಾರು ರಜೆ ಹಾಕಿದರು, ಹೀಗೆ ಒಂದರ ಬಾಲ ಹಿಡಿದು ಇನ್ನೊಂದು. ದನಿ ಯಾರದೂ ಏರಲಿಲ್ಲ. ಒಬ್ಬರನ್ನೊಬ್ಬರು ತಿದ್ದುತ್ತಾ, ನಡುನಡುವೆ ಕೇಕಿನ ತುಂಡು ಬಡಿಸಿಕೊಳ್ಳುತ್ತಾ ಮಾತಾಡಿದರು. ಕಿಟಕಿಯಾಚೆ ಬಂದರಿನಲ್ಲಿ ರಿಂಗಾಸ್ಕಿಡಿಯ ದೊಡ್ಡ ಹಡಗೊಂದು ನಿಧಾನವಾಗಿ ತಿರುಗುತ್ತಿತ್ತು. ಅದು ಕಾಣದಾದ ಮೇಲೂ ಇವರದು ಮುಗಿದಿರಲಿಲ್ಲ. ಟೀಚರ್ ಅಕ್ಕನಿಗೆ ಕ್ಷಮಿಸು ಎಂದರೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಬಟ್ಟಲು ತೊಳೆಯಲು ಎದ್ದುಹೋಗಿದ್ದೆ. ಬಂದಾಗ ಇಬ್ಬರೂ ಮೂಗು ಒರೆಸಿಕೊಳ್ಳುತ್ತಿದ್ದರು, ಶೀತ ಎಂದರು.

ಹೊರಡುವಾಗ ಕ್ಯಾಲ್ಕುಲೇಟರ್ ಯಾರ ಬಳಿ ಇರಬೇಕು ಎಂಬ ಪ್ರಶ್ನೆ ಬಂತು. "ನೀನೇ ಇಟ್ಟುಕೋ, ನನಗೇಕೆ, ಫೋನಿನಲ್ಲೇ ಇದೆ," ಎಂದರು ಅಕ್ಕ. "ನಿನ್ನದು ನಿನಗೆ," ಎಂದರು ಟೀಚರ್. ಅಕ್ಕ ಅದನ್ನು ಇವರ ಕೈಚೀಲಕ್ಕೆ ಹಾಕಿದರು. ಇವರು ತೆಗೆದು ಬೆಂಕಿಗೂಡಿನ ಮೇಲಿನ ಹಲಗೆಯಲ್ಲಿಟ್ಟರು. ಕೊನೆಗೆ ಟೀಚರ್ ಗೆದ್ದರು. ಆದರೆ ಬಾಗಿಲ ಬಳಿ ಹೋದವರು ಏನೋ ನೆನಪಾಗಿ ತಿರುಗಿ ಬಂದು, ಕ್ಯಾಲ್ಕುಲೇಟರಿನ ಹಿಂಬದಿ ತೆರೆದು ಬ್ಯಾಟರಿ ಬಿಚ್ಚಿಕೊಂಡರು.

"ಇದು ನನ್ನ ಹೊಗೆ ಅಲಾರಂನದು," ಎಂದರು.

ಆ ಕಪ್ಪು ಕಿಟಕಿಯಲ್ಲಿ ಈಗ ಅಂಕಿಗಳು ಬರುತ್ತಿವೆಯೋ ಇಲ್ಲವೋ ನಾನು ಕೇಳಿಲ್ಲ. ಅಕ್ಕ ಬೇರೆ ಬ್ಯಾಟರಿ ಕೊಂಡಿರುವ ಸಾಧ್ಯತೆ ಕಡಿಮೆ.

ಅಂದಿನಿಂದ ಪ್ರತಿ ಭಾನುವಾರ ಅಕ್ಕ ಫೋನ್ ಮಾಡುತ್ತಾರೆ. ಟೀಚರ್ ಬೇಲಿಯ ಬಳಿ ನಿಂತು ನನಗೆ ದೂರುತ್ತಾರೆ. "ಮುಕ್ಕಾಲು ಗಂಟೆ. ಅವಳ ಮೊಣಕಾಲಿನ ವಿಷಯವೇ ಇಪ್ಪತ್ತು ನಿಮಿಷ. ಮೊದಲು ವರ್ಷಕ್ಕೊಂದು ಕಾರ್ಡಿನಲ್ಲಿ ಮುಗಿಯುತ್ತಿತ್ತು. ನನಗೆ ಎಂಥ ನೆಮ್ಮದಿ ಇತ್ತು ಎಂದು ನಿನಗೆ ಗೊತ್ತೇ?" ಇದರಲ್ಲಿ ನನ್ನ ಪಾಲೂ ಇದೆ ಎಂದು ಅವರ ನೋಟ ಹೇಳುತ್ತದೆ. ನಾನು ಒಪ್ಪುತ್ತೇನೆ.

ಕಳೆದ ಬೇಸಿಗೆಯಲ್ಲಿ ಅಕ್ಕ ಒಂದು ವಾರ ಇರಲು ಬಂದರು. ಇಬ್ಬರನ್ನೂ ಮಧ್ಯಾಹ್ನದ ಊಟಕ್ಕೆ ಕರೆದೆವು. ಬಿಸಿಬೇಳೆಬಾತಿಗೆ ಖಾರ ಕಡಿಮೆ ಹಾಕಿ, ಬೂಂದಿ ಮೇಲೆ ಉದುರಿಸಿ ಬಡಿಸಿದೆ. ಮೊದಲ ತುತ್ತಿಗೇ ಅಕ್ಕ, ಲಂಡನ್‌ನಲ್ಲಿ ತಮ್ಮ ಜೊತೆಯ ನರ್ಸ್ ಒಬ್ಬಳು ಇಂಥದ್ದೇ ಮಾಡುತ್ತಿದ್ದಳು ಎಂದರು. ಆ ನರ್ಸ್ ಊರಿಗೆ ಬಂದಿದ್ದಳು, ಅವಳು ಮಾಡುತ್ತಿದ್ದದ್ದು ಬೇರೆ ಎಂದರು ಟೀಚರ್. ಅವಳು ಬಂದೇ ಇರಲಿಲ್ಲ ಎಂದರು ಅಕ್ಕ. ನನ್ನ ಗಂಡ ಇಬ್ಬರ ತಟ್ಟೆಗೂ ಇನ್ನೊಂದು ಸೌಟು ಹಾಕಿ, ಕನ್ನಡದಲ್ಲಿ ನನಗೆ ಮಾತ್ರ ಕೇಳುವಂತೆ, "ಜರ್ಮನಿಯಿಂದ ತರ್ಸಿದ್ರೆ ಇಷ್ಟೆಲ್ಲ ಇರ್ತಿರ್ಲಿಲ್ಲ," ಎಂದ.

"ಅವನೇನು ಹೇಳಿದ?" ಎಂದು ಟೀಚರ್ ಕೇಳಿದರು.

"ಇನ್ನೂ ಸ್ವಲ್ಪ ಹಾಕಲಾ ಅಂತ," ಎಂದೆ.

ಇಬ್ಬರೂ ಒಟ್ಟಿಗೆ ಬೇಡ ಎಂದರು. ನಾನು ಹಾಕಿದೆ.